ತಮ್ಮ ಬಾಗಿಲನ್ನು ತಾವೇ

ವಕೀಲಿಕೆ ಎಂದರೆ ಕರಿಕೋಟು, ಕಟಕಟೆ, ಕೊಲೆಗಾರ ಎಂದುಕೊಂಡವರು ಒಂದು ದಿನ ನನ್ನ ಕಚೇರಿಗೆ ಬಂದು ಕೂರಬೇಕು. ಮೇಲಿನ ಮನೆಯ ಒದ್ದೆ ಬಟ್ಟೆಯಿಂದ ಕೆಳಗಿನ ಮನೆಯ ಕಿಟಕಿಗೆ ನೀರು ತೊಟ್ಟಿಕ್ಕಿದರೆ ಅದು ನನ್ನ ಮೇಜಿಗೆ ಬರುತ್ತದೆ. ನಾಯಿ ಲಿಫ್ಟಿನಲ್ಲಿ ಹೋಗಬಹುದೇ, ಹೂಕುಂಡ ಮೆಟ್ಟಿಲ ಮೇಲೆ ಇಡಬಹುದೇ, ಮೊಮ್ಮಗಳು ಮಧ್ಯಾಹ್ನ ಪಿಯಾನೋ ಕುಟ್ಟಬಹುದೇ, ಎಲ್ಲಕ್ಕೂ ನಾನೇ ಗತಿ. ಮನೆಮಾಲೀಕರ ಸಂಘಗಳಿಗೆ, ವೃದ್ಧರ ವಸತಿ ಸಮುಚ್ಚಯಗಳಿಗೆ ಸಲಹೆ ಕೊಡುತ್ತ ಕೊಡುತ್ತ ನನ್ನ ಕೂದಲು ಬೆಳ್ಳಗಾಯಿತು. ಅಮ್ಮ ಬದುಕಿರುವವರೆಗೂ ಒಂದೇ ರಾಗ: "ಮಗಳು ವಕೀಲೆ ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದೆ. ನೀನು ನೋಡಿದ್ರೆ ನಲ್ಲಿ ಸೋರೋ ಕೇಸಿಗೆ ಕೋಟು ಹಾಕ್ಕೊಂಡು ಹೋಗ್ತೀಯ!"

ಹೋಗುತ್ತೇನೆ, ಅದರಲ್ಲೇನು ನಾಚಿಕೆ? ಅಕ್ಕಪಕ್ಕದ ಮನೆಯವರು ಜಗಳವಾಡಿದಷ್ಟು ಮನಸಾರೆ ಶತ್ರುದೇಶಗಳೂ ಆಡುವುದಿಲ್ಲ. ಒಂದು ಗೋಡೆಯ ಆಚೆ ಈಚೆ ಮಲಗಿ, ಒಬ್ಬರ ಗೊರಕೆ ಇನ್ನೊಬ್ಬರು ಕೇಳಿಸಿಕೊಂಡು, ಬೆಳಿಗ್ಗೆ ಎದ್ದು ಮುಖ ತಿರುಗಿಸಿಕೊಂಡು ಹೋಗುವವರ ನಡುವೆ ಕೂತು ನಿಯಮ ಓದುವುದು ಹುಡುಗಾಟವಲ್ಲ. ನಮ್ಮ ಯಜಮಾನರು ಮಾತ್ರ ನನ್ನನ್ನು ಕಾಡಿಸುವ ಅವಕಾಶ ಬಿಟ್ಟವರಲ್ಲ. ಟೀವಿಯ ಸದ್ದು ಕಡಿಮೆ ಮಾಡಿ ಎಂದರೆ, "ಸಾಮಾನ್ಯ ಸಭೆ ಕರೀರಿ ವಕೀಲಮ್ಮ, ಬಹುಮತ ಬಂದ್ರೆ ನೋಡೋಣ" ಅನ್ನುತ್ತಾರೆ. ಮನೆಯಲ್ಲಿರುವುದು ಇಬ್ಬರೇ.

ಈ ಕೆಲಸ ನನಗೆ ಕಲಿಸಿದವರು ನನ್ನ ಸೀನಿಯರ್. ಅವರ ಬೆನ್ನ ಹಿಂದೆ ಎಲ್ಲರೂ ಕತ್ತರಿ ಮೇಡಂ ಅನ್ನುತ್ತಿದ್ದರು. ಏನು ಬರೆದುಕೊಂಡು ಹೋದರೂ ಅರ್ಧ ಹೊಡೆದು ಹಾಕಿ ವಾಪಸು ಕೊಡುತ್ತಿದ್ದರು. ನಾನು ಮೊದಲ ದಿನ ಹೆದರಿ ಹೆದರಿ ಅವರ ಬಾಗಿಲಲ್ಲಿ ನಿಂತಾಗ ತಲೆ ಎತ್ತದೆಯೇ ಕೇಳಿದರು: "ಹೊಸ ಜೂನಿಯರ್ರಾ? ಕೂತ್ಕೋ. ಬರೆದದ್ದು ಓದು." ಓದಿದೆ. "ಇದರಲ್ಲಿ ಸುಳ್ಳು ಯಾವ ಪದ?" ಅಂದರು. ನಾನು ಹಾಳೆ ತಿರುವಿ ಹುಡುಕತೊಡಗಿದೆ. "ಪ್ರತಿ ವಾಕ್ಯದಲ್ಲೂ ಒಂದು ಪದ ಸುಳ್ಳು ಹೇಳಕ್ಕೆ ಅಂತ ಕಾಯ್ತಾ ಕೂತಿರುತ್ತೆ. ಅದನ್ನ ಹಿಡಿದು ಆಚೆ ಹಾಕು. ಉಳಿದಿದ್ದೇ ಕಾನೂನು." ಆವತ್ತಿನಿಂದ ಇವತ್ತಿನವರೆಗೆ ಅವರು ಹೊಡೆದು ಹಾಕಿದ ಒಂದು ಪದವನ್ನೂ ನಾನು ಮತ್ತೆ ಬರೆದವಳಲ್ಲ. ಅಷ್ಟು ಹೆದರಿಕೆ, ಅದಕ್ಕಿಂತ ಜಾಸ್ತಿ ಪ್ರೀತಿ.

ನಗರದ ಅಂಚಿನಲ್ಲಿ, ಕೊಳದ ಪಕ್ಕದಲ್ಲಿ ವೃದ್ಧರಿಗಾಗಿ ಕಟ್ಟಿದ ಸಮುಚ್ಚಯವಿದೆ. ಅದರ ನಿಯಮಾವಳಿ ಪೂರ್ತಿ ಮೇಡಂ ಕೈಯದು. ಬಾಗಿಲುಗಳಿಗೆಲ್ಲ ಒಂದೇ ಕಂದು ಬಣ್ಣ ಇರಬೇಕು ಎಂದು ಬರೆದವರು ಅವರೇ. ಒಮ್ಮೆ ಯಾರೋ ಪುಣ್ಯಾತ್ಮ ತನ್ನ ಬಾಗಿಲಿಗೆ ಸಿಂಹದ ಮುಖದ ದೊಡ್ಡ ಬೀಗ ಹಾಕಿಕೊಂಡು ಗಲಾಟೆಯಾದಾಗ, "ಬಾಗಿಲು ಸಂಘದ್ದು, ಬೀಗ ಒಳಗಿರುವವರದು" ಎಂದು ತೀರ್ಮಾನ ಕೊಟ್ಟವರೂ ಅವರೇ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ತಮ್ಮ ಬಾಗಿಲನ್ನು ತಾವೇ ಹುಡುಕಿ, ತಮ್ಮ ಬೀಗದ ಕೈಯಿಂದ ತೆರೆಯಬಲ್ಲವರು ಮುಂದಿನ ಕಟ್ಟಡದಲ್ಲಿ ಇರಬಹುದು. ಆಗದವರು ಹಿಂದಿನ ಕಟ್ಟಡಕ್ಕೆ. ಹಿಂದಿನ ಕಟ್ಟಡ ಕೆಟ್ಟದ್ದೇನಲ್ಲ, ನೋಡಿಕೊಳ್ಳುವವರು ಒಳ್ಳೆಯ ಜನ. ಆದರೆ ಅಲ್ಲಿ ಯಾರ ಕೈಯಲ್ಲೂ ಬೀಗದ ಕೈ ಇರುವುದಿಲ್ಲ. ಬಾಗಿಲು ಹೊರಗಿನಿಂದ ತೆರೆಯುತ್ತದೆ, ಹೊರಗಿನಿಂದ ಮುಚ್ಚುತ್ತದೆ.

ವಯಸ್ಸಾದ ಮೇಲೆ ಮೇಡಂ ತಾವೇ ಆ ಸಮುಚ್ಚಯದ ಮೂರನೇ ಮಹಡಿಗೆ ಬಂದು ಸೇರಿದರು. ಗಂಡ ಇಲ್ಲ, ಮಕ್ಕಳಿಲ್ಲ, ಬೀಗದ ಕೈಯೊಂದು ನೀಲಿ ದಾರದಲ್ಲಿ ಕೊರಳಿಗೆ. "ಇಡೀ ಆಯಸ್ಸು ಬೇರೆಯವರ ಬಾಗಿಲಿನ ವಿಷಯ ಮಾತಾಡಿದೆ. ಈಗ ನಂದೂ ಅಂತ ಒಂದಿದೆ ನೋಡು" ಎಂದು ಅದನ್ನು ನನಗೆ ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

ಆ ಮೂರನೇ ಮಹಡಿಯ ಮಧ್ಯಾಹ್ನಗಳನ್ನು ಹೇಗೆ ಹೇಳಲಿ! ಲಿಫ್ಟಿನಿಂದ ಇಳಿದರೆ ಉದ್ದಕ್ಕೆ ಓಣಿಯಂಥ ಕಾರಿಡಾರು, ಕಾಲಿನ ಸದ್ದು ನುಂಗುವ ದಪ್ಪ ನೆಲಗಂಬಳಿ, ಎರಡೂ ಕಡೆ ಒಂದೇ ಬಣ್ಣದ ಬಾಗಿಲುಗಳು. ತುದಿಯ ಕಿಟಕಿಯಿಂದ ಕೊಳದ ಬೆಳಕು ಬಂದು ಚಾವಣಿಯ ಮೇಲೆ ಅಲ್ಲಾಡುತ್ತಿರುತ್ತದೆ. ಎಲ್ಲೋ ಒಂದು ಗಡಿಯಾರ, ಎಲ್ಲೋ ಯಾರೋ ನಿದ್ದೆಯಲ್ಲಿ ಮಾತಾಡುವ ದನಿ. ನಡೆಯುತ್ತ ಹೋದರೆ ನಡೆಯುತ್ತಿದ್ದೀನೋ ನೀರಿನೊಳಗೆ ತೇಲುತ್ತಿದ್ದೀನೋ ತಿಳಿಯುವುದಿಲ್ಲ. ಈ ಓಣಿ ನನ್ನ ಕನಸಿನಲ್ಲೂ ಬರುತ್ತದೆ. ಕನಸಿನಲ್ಲಿ ನಾನು ಯಾವ ಬಾಗಿಲು ತಟ್ಟಿದರೂ ಒಳಗಿನಿಂದ ಅಮ್ಮ "ಬಂದೆ, ಬಂದೆ" ಅನ್ನುತ್ತಾಳೆ, ಬರುವುದಿಲ್ಲ.

ಮೇಡಂ ತಲೆಯಿಂದ ಮೊದಲು ಹೊರಟುಹೋದದ್ದು ಸಂಖ್ಯೆಗಳು. ಬಾಗಿಲಿನ ಮೇಲೆ ಸಂಖ್ಯೆ ಇದ್ದೇನು ಪ್ರಯೋಜನ? ಬಣ್ಣವೋ ಎಲ್ಲ ಒಂದೇ. ತಾವೇ ಬರೆದ ನಿಯಮದೊಳಗೆ ತಾವೇ ದಾರಿ ತಪ್ಪಿದರು. ತೆರೆದ ಬಾಗಿಲು ಕಂಡರೆ ಒಳಗೆ ಹೋಗಿ ಕೂತುಬಿಡುತ್ತಿದ್ದರು. ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ ಅದೇ ಮಹಡಿಯ ದರ್ಜಿ ತಾತನ ಮನೆಯ ಆರಾಮಕುರ್ಚಿಯಲ್ಲಿ ರಾಣಿಯ ಗತ್ತಿನಲ್ಲಿ ಕೂತಿದ್ದರು. ದರ್ಜಿ ತಾತ ತನ್ನದೇ ಮನೆಯಲ್ಲಿ ಮೊಣಕಾಲು ಜೋಡಿಸಿಕೊಂಡು ಸ್ಟೂಲಿನ ತುದಿಯಲ್ಲಿ.

"ಇವರು ಆಗಾಗ ಬರ್ತಿರ್ತಾರೆ. ಪಾಪ, ಒಂಟಿ ಮನುಷ್ಯ. ಹೋಗಿ ಅಂತ ಹೇಳಕ್ಕೆ ಬಾಯಿ ಬರಲ್ಲ" ಎಂದು ಮೇಡಂ ನನ್ನ ಕಿವಿಯಲ್ಲಿ ಹೇಳಿದರು.

ಅದು ದರ್ಜಿ ತಾತನಿಗೂ ಕೇಳಿಸಿತು. "ಹೌದಮ್ಮ, ನಾನು ಸ್ವಲ್ಪ ಜಾಸ್ತೀನೇ ಬರ್ತೀನಿ" ಎಂದು ತಲೆ ಆಡಿಸಿದ. ಆ ಮಹಡಿಯ ಪದ್ಧತಿಯೇ ಹಾಗಾಗಿಬಿಟ್ಟಿತ್ತು. ಮೇಡಂ ಯಾರ ಮನೆಗೆ ಹೊಕ್ಕರೆ ಆ ಮನೆಯವರು ಅತಿಥಿ. ಮೇಡಂ ಎದ್ದು ಹೋಗುವವರೆಗೆ ತಮ್ಮ ಮನೆಯಲ್ಲೇ ಸೌಜನ್ಯದಿಂದ ಕೂರಬೇಕು. ಅದನ್ನು ಯಾವ ಸಭೆಯೂ ನಿರ್ಣಯ ಮಾಡಿರಲಿಲ್ಲ.

ಬಾಗಿಲು ಮುಚ್ಚಿದ್ದರೆ ಮಾತ್ರ ಕಷ್ಟ. ಕೊರಳಿನ ದಾರ ಎಳೆದು, ಬೀಗದ ಕೈ ತೂರಿಸಿ, ತಿರುಗಿಸುತ್ತಿದ್ದರು. ತಿರುಗುತ್ತಿರಲಿಲ್ಲ. ಮತ್ತೆ ತಿರುಗಿಸುತ್ತಿದ್ದರು. ನ್ಯಾಯಾಧೀಶರ ಮುಂದೆಯೂ ತಗ್ಗದಿದ್ದ ಆ ಮುಖ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖದ ಹಾಗೆ ಸಣ್ಣಗಾಗುತ್ತಿತ್ತು. ಒಮ್ಮೆ ಕಣ್ಣಾರೆ ನೋಡಿದೆ. ಓಡಿಹೋಗಿ ಅವರ ಕೈ ಹಿಡಿದು ತುದಿಯ ಕಿಟಕಿಯ ಪಕ್ಕದ ಅವರ ಬಾಗಿಲಿಗೆ ಕರೆದುಕೊಂಡು ಹೋದೆ. "ಗೊತ್ತು, ಗೊತ್ತು. ಅಲ್ಲಿಗೇ ಹೋಗ್ತಿದ್ದೆ" ಎಂದು ನನ್ನ ಮೇಲೆ ರೇಗಿದರು.

ಇಷ್ಟಕ್ಕೇ ನಿಂತಿದ್ದರೆ ಎಲ್ಲರೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದರು. ಒಂದು ದಿನ ಮೇಡಂ ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿ ಎರಡನೇ ಮಹಡಿಯಲ್ಲಿ ಇಳಿದರು. ಅಲ್ಲಿ ಹೊಸದಾಗಿ ಬಂದಿದ್ದ ನಿವೃತ್ತ ದಂತವೈದ್ಯರು ಬಾಗಿಲು ಹಾಕದೆ ಸ್ನಾನಕ್ಕೆ ಹೋಗಿ ಹೊರಗೆ ಬಂದರೆ ಅವರ ಹಾಸಿಗೆಯಲ್ಲಿ ಮೇಡಂ ಹೊದ್ದು ಮಲಗಿದ್ದಾರೆ! ಎಬ್ಬಿಸಿದರೆ, "ಟವೆಲ್ ಸುತ್ತಿಕೊಂಡು ಹೆಂಗಸರ ಮನೆಗೆ ನುಗ್ಗೋಕೆ ನಾಚಿಕೆ ಆಗಲ್ವಾ?" ಎಂದು ಗದರಿದರಂತೆ. ಕೇಳಿ ಇಡೀ ಸಮುಚ್ಚಯ ಬಿದ್ದು ಬಿದ್ದು ನಕ್ಕಿತು. ದಂತವೈದ್ಯರು ನಗಲಿಲ್ಲ. ಸಂಘಕ್ಕೆ ದೂರು ಕೊಟ್ಟರು.

ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು, ಮೇಡಂ ಇರುವ ಮಹಡಿಯಲ್ಲೇ ಅವರ ವಾಸ. ಚಪ್ಪಲಿ ಓರೆಯಾಗಿ ಬಿಟ್ಟರೂ ನೋಟಿಸು ಹಚ್ಚುವ ಮನುಷ್ಯ. ನನ್ನನ್ನು ಕರೆಸಿದರು.

"ನಿಯಮದ ಪ್ರಕಾರ ಪರೀಕ್ಷೆ ಆಗ್ಬೇಕು. ನೀವು ಸಾಕ್ಷಿ ನಿಂತು ಅಭಿಪ್ರಾಯ ಬರೀಬೇಕು."

"ಅವರು ನನ್ನ ಸೀನಿಯರ್. ಬೇರೆ ಯಾರನ್ನಾದ್ರೂ ಕರೆಸಿ ಸಾರ್" ಎಂದೆ.

"ದಂತವೈದ್ಯರಿಗೂ ಅದನ್ನ ಹೇಳಿದೀನಿ. ಅವರು ಒಪ್ಪಿದಾರೆ. ಆ ನಿಯಮ ನಿಮ್ಮಷ್ಟು ಗೊತ್ತಿರೋರು ಇನ್ನೊಬ್ಬರಿಲ್ಲ" ಎಂದು ಅವರು ಕನ್ನಡಕ ಒರೆಸುತ್ತ ಕೂತರು.

ಹೋಗಿ ಮೇಡಂಗೆ ಹೇಳಿದೆ. ಆವತ್ತು ಅವರ ತಲೆ ಬೆಳಗಿನ ಕೊಳದಷ್ಟು ತಿಳಿಯಾಗಿತ್ತು. ನಾನು ನಿಯಮದ ಸಂದುಗೊಂದುಗಳನ್ನೆಲ್ಲ ಹುಡುಕಿ, ಪರೀಕ್ಷೆ ತಪ್ಪಿಸುವ ದಾರಿಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನಾನು ಬರೆದದ್ದು ಕಣೇ. ನನ್ನನ್ನ ಬಿಟ್ಟು ಬೇರೆಯವರಿಗೆ ಅಂತ ಬರೆದಿದ್ನಾ?"

"ಹಿಂದಿನ ಕಟ್ಟಡಕ್ಕೆ ಹಾಕಿಬಿಡ್ತಾರೆ ಮೇಡಂ."

ಅವರು ಕೊರಳಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದರು. "ಇದನ್ನ ತಗೊಂಡುಬಿಡ್ತಾರಲ್ವಾ?" ಅಂದರು. ನಾನು ಎದ್ದು ಬಂದೆ. ಹೊರಗೆ ಓಣಿಯಲ್ಲಿ ರಿಪೇರಿಯವನು ದರ್ಜಿ ತಾತನ ಬಾಗಿಲ ಬಳಿ ಮಂಡಿಯೂರಿ ಕೂತು ಏನೋ ತಿರುಪು ಬಿಚ್ಚುತ್ತಿದ್ದ. "ಬೀಗ ಸ್ವಲ್ಪ ಬಿಗಿಯಾಗಿತ್ತು" ಎಂದು ದರ್ಜಿ ತಾತ ನಾನು ಕೇಳುವ ಮೊದಲೇ ಹೇಳಿದ. ಯಾರ ಬೀಗ ಹೇಗಿದ್ದರೆ ನನಗೇನು, ನನ್ನ ಸಂಕಟ ನನಗೆ.

ಪರೀಕ್ಷೆಯ ದಿನ ಊಟದ ನಂತರದ ಹೊತ್ತು. ಲಿಫ್ಟಿನ ಬಳಿ ಅಧ್ಯಕ್ಷರು, ದಂತವೈದ್ಯರು, ನಾನು. ಮೇಡಂ ತಲೆ ಬಾಚಿಕೊಂಡು, ಕೋರ್ಟಿಗೆ ಹಾಕುತ್ತಿದ್ದ ಕರಿ ಬೂಟು ಹಾಕಿಕೊಂಡು ಬಂದಿದ್ದರು. ಆದರೆ ಕಣ್ಣು ನೋಡಿದ ತಕ್ಷಣ ನನಗೆ ಗೊತ್ತಾಯಿತು, ಇವತ್ತು ಕೊಳ ತಿಳಿಯಾಗಿಲ್ಲ. ಚಾವಣಿಯ ಮೇಲೆ ಆಡುತ್ತಿದ್ದ ಬೆಳಕನ್ನು ನೋಡುತ್ತ ನಿಂತುಬಿಟ್ಟಿದ್ದರು.

"ನಿಮ್ಮ ಮನೆಗೆ ಹೋಗಿ ಮೇಡಂ. ನಾವು ಹಿಂದೆ ಬರ್ತೀವಿ. ಯಾರೂ ಮಾತಾಡೋ ಹಾಗಿಲ್ಲ" ಅಂದರು ಅಧ್ಯಕ್ಷರು.

ಮೇಡಂ ನಡೆದರು. ಬೂಟಿನ ಸದ್ದನ್ನು ಕಂಬಳಿ ನುಂಗಿತು. ಬಾಗಿಲು, ಬಾಗಿಲು, ಬಾಗಿಲು. ಮುಂದೆ ಹೋಗಿ ಮೇಡಂ, ಇನ್ನೂ ಮುಂದೆ, ಆ ಕಿಟಕಿಯವರೆಗೆ, ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವರು ನಡುವೆಯೇ ನಿಂತರು. ದರ್ಜಿ ತಾತನ ಬಾಗಿಲು. ದಾರ ಎಳೆದರು, ಬೀಗದ ಕೈ ತೂರಿಸಿದರು, ಆ ಸಣ್ಣಗಾಗುವ ಮುಖ ನೋಡಲಾರದೆ ನಾನು ಕಣ್ಣು ಮುಚ್ಚಿಕೊಂಡೆ.

ಕಟ್ ಎಂದಿತು. ಬೀಗ ತೆರೆಯಿತು.

ಒಳಗೆ ಸ್ಟೂಲಿನ ಮೇಲೆ ದರ್ಜಿ ತಾತ ಕೈ ಕಟ್ಟಿಕೊಂಡು ಕೂತಿದ್ದ. "ಬನ್ನಿ ಮೇಡಂ. ನೀವು ಬರ್ಲಿ ಅಂತ ಕಾಯ್ತಿದ್ದೆ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ರಿಪೇರಿಯವನು ಬಿಚ್ಚುತ್ತಿದ್ದ ತಿರುಪು ನೆನಪಾಯಿತು. ದರ್ಜಿ ತಾತ ಎದ್ದು ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಎಲ್ಲಾ ಬೀಗಾನೂ ಮೇಡಂ ಬೀಗದ ಕೈಗೆ ಹೊಂದೋ ಹಾಗೆ ಮಾಡಿಸಿಬಿಟ್ವಿ. ಆ ಬೀಗ ತಿರುಗದೆ ಅವರು ನಿಂತಿರೋದು ನೋಡಕ್ಕಾಗ್ತಿರ್ಲಿಲ್ಲಮ್ಮ. ಕಳ್ಳರು ಬಂದ್ರೆ ಬರ್ಲಿ, ನಮ್ಮ ಹತ್ರ ಏನಿದೆ ಕದಿಯೋಕೆ, ಹಲ್ಲಿನ ಸೆಟ್ಟಾ?"

ಮೇಡಂ ಮಾತ್ರ ಹೊಸ್ತಿಲಲ್ಲೇ ನಿಂತಿದ್ದರು. ಕಿಟಕಿಯ ಪಕ್ಕದ ಹೊಲಿಗೆ ಯಂತ್ರವನ್ನು ನೋಡುತ್ತಿದ್ದರು.

"ನಾನು ಬಟ್ಟೆ ಹೊಲೀತೀನಾ?" ಎಂದು ನನ್ನನ್ನು ಕೇಳಿದರು.

ನಾನು ಮಾತಾಡುವ ಹಾಗಿರಲಿಲ್ಲ. ಅಧ್ಯಕ್ಷರ ಮುಖ ನೋಡಿದೆ. ಅವರು ಬೇರೆಲ್ಲೋ ನೋಡುತ್ತಿದ್ದರು.

"ನಿನ್ನೇ ಕೇಳ್ತಿರೋದು. ಇದು ನನ್ನ ಮನೆನಾ?"

ಆ ದನಿಗೆ ಸುಮ್ಮನಿರಲು ನನ್ನಿಂದ ಯಾವತ್ತೂ ಆಗಿಲ್ಲ. "ನಿಮ್ಮ ಬೀಗದ ಕೈಯಿಂದ ತೆರೀತಲ್ಲ ಮೇಡಂ" ಎಂದೆ.

"ಅದು ವಾದ. ನಾನು ಕೇಳಿದ್ದು ಉತ್ತರ" ಎಂದು ಬೀಗದ ಕೈಯನ್ನು ಕಿತ್ತು ಮುಂದಕ್ಕೆ ನಡೆದೇಬಿಟ್ಟರು.

ಆಮೇಲೆ ನಡೆದದ್ದನ್ನು ನಾನು ಎಚ್ಚರದಲ್ಲಿ ನೋಡಿದೆನೋ ನನ್ನ ಹಳೆಯ ಕನಸಿನೊಳಗೋ ಇವತ್ತಿಗೂ ಅನುಮಾನ. ಮೇಡಂ ಮುಂದಿನ ಬಾಗಿಲಿಗೆ ಹೋದರು, ತೆರೆದರು, ಇಣುಕಿದರು, "ಅಲ್ಲ" ಅಂದರು. ಎದುರು ಬಾಗಿಲು ತೆರೆದರು. "ಅಲ್ಲ." ತೆರೆದ ಪ್ರತಿ ಬಾಗಿಲಿನಿಂದಲೂ ಆ ಮನೆಯ ಕಿಟಕಿಯ ಬೆಳಕು ಓಣಿಗೆ ಬಂದು ಬಿತ್ತು. ಆ ಕಟ್ಟಡ ಕಟ್ಟಿದಾಗಿನಿಂದ ಅರೆಗತ್ತಲಲ್ಲಿದ್ದ ಕಂಬಳಿಗೆ ಕೆಂಪು ಬಣ್ಣವಿದೆಯೆಂದು ನನಗೆ ಆವತ್ತೇ ತಿಳಿದದ್ದು. ಪಿಯಾನೋ ಟೀಚರು ಅರೆನಿದ್ದೆಯಲ್ಲಿ ತಲೆ ಎತ್ತಿ, "ಕೂತ್ಕೊಳ್ಳಲ್ವಾ ಮೇಡಂ?" ಎಂದು ಕೇಳಿ ಮತ್ತೆ ಮಲಗಿದರು. ಇನ್ನೊಂದು ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಎದ್ದು ನಿಂತು, ಅತಿಥಿಗಳ ಕುರ್ಚಿಗೆ ಸರಿದು ಕೂತರು. ಯಾರೂ ಏನೂ ಕೇಳಲಿಲ್ಲ. ಮೇಡಂ ಬೂಟು ಬೆಳಕಿನಿಂದ ಬೆಳಕಿಗೆ ದಾಟುತ್ತ ಹೋಯಿತು.

ಇನ್ನೊಂದು ಬಾಗಿಲು. ತೆರೆಯಿತು. ಒಳಗೆ ಸಾಲಾಗಿ ಜೋಡಿಸಿಟ್ಟ ಚಪ್ಪಲಿಗಳು, ಕುರ್ಚಿಯ ಬೆನ್ನಿಗೆ ಒಣಗಲು ಹಾಕಿದ ಕಾಲುಚೀಲ. ಅದು ಅಧ್ಯಕ್ಷರ ಮನೆ.

ನಾನು ತಿರುಗಿ ನೋಡಿದೆ. "ತುಕ್ಕು ಹಿಡಿದಿತ್ತು, ಬದಲಾಯಿಸಿದೆ" ಎಂದು ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. ಆ ಕ್ಷಣ ಆ ಮುದುಕನ ಕೆನ್ನೆಗೆ ಮುತ್ತು ಕೊಟ್ಟುಬಿಡಬೇಕು ಅನ್ನಿಸಿತು.

ಕೊನೆಗೆ ತುದಿಯ ಬಾಗಿಲು. ಮೇಡಂ ಬೀಗ ತೆರೆದರು. ಕಿಟಕಿ, ಕೊಳ, ಉದ್ದನೆಯ ಮೇಜು, ಸವೆದ ತೋಳಿನ ಕುರ್ಚಿ. ಅವರು ಇಣುಕಲಿಲ್ಲ, "ಅಲ್ಲ" ಅನ್ನಲಿಲ್ಲ. ಸೀದಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಬೂಟು ಕಳಚಿ, ಪಾದವನ್ನು ಎಂದಿನ ಜಾಗಕ್ಕೆ ಚಾಚಿದರು.

"ಇದು" ಎಂದರು.

ದಂತವೈದ್ಯರು ಅಧ್ಯಕ್ಷರ ಕಡೆ ತಿರುಗಿದರು. "ಇದೇನ್ರೀ ಇದು ಆಟ! ಮಹಡಿ ತುಂಬ ಬಾಗಿಲು ತೆಗೆದ್ರು. ಅದು ಹೇಗೆ ಒಂದೇ ಬೀಗದ ಕೈಗೆ ಎಲ್ಲಾ ಬೀಗ ತೆರೆಯುತ್ತೆ?"

"ಬಾಗಿಲು ಸಂಘದ್ದು, ಬೀಗ ಒಳಗಿರುವವರದು. ಯಾರು ಯಾವ ಬೀಗ ಹಾಕಿಕೊಳ್ತಾರೆ ಅನ್ನೋದನ್ನ ಸಂಘ ಕೇಳೋ ಹಾಗಿಲ್ಲ. ಹುಡುಕಬೇಕು, ತೆರೆಯಬೇಕು ಅಂತಿದೆ. ಎಷ್ಟನೇ ಸಲಕ್ಕೆ ಅಂತ ಎಲ್ಲೂ ಬರೆದಿಲ್ಲ" ಎಂದೆ. ಕೋರ್ಟಿನಲ್ಲಿ ನಾನು ಅಷ್ಟು ಚೆನ್ನಾಗಿ ಯಾವತ್ತೂ ಮಾತಾಡಿಲ್ಲ. ದಂತವೈದ್ಯರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಮೇಡಂ ಕಡೆ ನೋಡಿದರು, ಓಣಿಯ ಬೆಳಕಿನಲ್ಲಿ ತಲೆ ಹೊರಗೆ ಹಾಕಿ ನಿಂತಿದ್ದ ಮುದುಕ ಮುದುಕಿಯರ ಕಡೆ ನೋಡಿದರು. "ನನ್ನ ಬಾಗಿಲಿಗೆ ಒಳಗಿನಿಂದ ಒಂದು ಅಗುಳಿ ಹಾಕಿಸಿಕೊಡಿ. ಸ್ನಾನದ ಹೊತ್ತಿಗೆ ಮಾತ್ರ" ಎಂದು ಗೊಣಗಿ ಲಿಫ್ಟಿನ ಕಡೆ ಹೋದರು.

ಎಲ್ಲರೂ ಹೋದ ಮೇಲೆ ನಾನು ಮೇಡಂ ಮೇಜಿನಲ್ಲೇ ಅಭಿಪ್ರಾಯ ಬರೆಯಲು ಕೂತೆ. ಸಂಜೆಯಾಗುತ್ತಿತ್ತು. ಕೊಳದ ಬೆಳಕು ಗೋಡೆಯ ಮೇಲಿಂದ ಇಳಿದು ಅವರ ಮಡಿಲಿಗೆ ಬಂದಿತ್ತು. ಪುಟಗಟ್ಟಲೆ ಬರೆದೆ, ಹೊಡೆದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದೆ. ಕೊನೆಗೆ ಒಂದೇ ವಾಕ್ಯ ಉಳಿಯಿತು.

ಮೇಡಂ ಕಣ್ಣು ತೆರೆದು ನನ್ನನ್ನು ನೋಡಿದರು. ಗುರುತಿನ ಸುಳಿವೂ ಆ ಕಣ್ಣಿನಲ್ಲಿರಲಿಲ್ಲ.

"ಹೊಸ ಜೂನಿಯರ್ರಾ?"

"ಹೌದು ಮೇಡಂ."

"ಬರೆದದ್ದು ಓದು."

ಓದಿದೆ: "ಇವರು ತಮ್ಮ ಬಾಗಿಲನ್ನು ತಾವೇ ಹುಡುಕಿ, ತಮ್ಮ ಬೀಗದ ಕೈಯಿಂದ ತೆರೆದರು."

ಅವರು ತಲೆಯನ್ನು ಒಂದು ಕಡೆಗೆ ಓಲಿಸಿ, ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ಯೋಚಿಸಿದರು. ಅವರ ತುಟಿಯಲ್ಲಿ ಹಳೆಯ ಕತ್ತರಿಯ ನಗು ಬಂತು.

"'ತಾವೇ' ತೆಗಿ. ಅದೊಂದು ಸುಳ್ಳು."

"ಯಾಕೆ ಮೇಡಂ?"

"ಅಷ್ಟು ಜನ ಬೀಗ ಬದಲಾಯಿಸಿದಾರಲ್ಲೇ, ಪಾಪ" ಎಂದರು. ಮತ್ತೆ ಕುರ್ಚಿಗೆ ಒರಗಿದರು. "ಹೊಸಬಳು. ಕಲೀತೀಯ ಬಿಡು."

ನಾನು ಅತ್ತೆ. ಮುಚ್ಚುಮರೆ ಏನಿಲ್ಲ, ಸದ್ದು ಮಾಡಿಕೊಂಡೇ ಅತ್ತೆ. ಅವರಿಗೆ ನಿದ್ದೆ ಬಂದಿತ್ತು, ಬೀಗದ ಕೈ ಮುಷ್ಟಿಯಲ್ಲೇ ಇತ್ತು. ಪೆನ್ನನ್ನು ಆ ಪದದ ಮೇಲೆ ತಂದೆ; ಅದನ್ನು ಹೊಡೆದರೆ ಆ ಬೀಗದ ಕೈಯೂ ಹೋಗುತ್ತಿತ್ತು. ಆಮೇಲೆ, ಅವರು ತೆಗೆ ಎಂದದ್ದನ್ನು ತೆಗೆಯದೆ ಮೊದಲನೇ ಸಲ ಹಾಗೇ ಬಿಟ್ಟು, ಕೆಳಗೆ ಸಹಿ ಹಾಕಿದೆ.